ಬೀಗ ಹಾಕಿದೆ

ಯಾವ ಕೆಲಸಕ್ಕೆ ಸೇರುವ ಮುಂಚೆಯೂ ಅದರ ರುಚಿ ನೋಡಲೇಬೇಕು ಎಂಬ ಕಾಯಿದೆ ಬಂದ ಮೇಲೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಒಂದು ಕೇಂದ್ರ ತೆರೆಯಿತು. ಸರಕಾರಿ ಭಾಷೆಯಲ್ಲಿ ಅದು ‘ವೃತ್ತಿಪೂರ್ವ ದೇಹಾನುಭವ ಪೀಠ’. ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತಿದೆ? ಜನ ಅದನ್ನು ರುಚಿ ಕುರ್ಚಿ ಎಂದರು. ಕೊನೆಗೆ ಕೇಂದ್ರದವರೂ ಸೋತು ಬೋರ್ಡಿನ ಮೇಲೆ ಹಾಗೆಯೇ ಬರೆಸಿದರು.

ಕುರ್ಚಿಯ ಹಿಂದಿನ ವಿದ್ಯೆ ಕೇಳಲು ಸರಳ. ಒಂದು ಕೆಲಸದಲ್ಲಿ ಪಳಗಿದವರ ಎದೆಗೆ, ಸೊಂಟಕ್ಕೆ, ಎರಡೂ ಮುಂಗೈಗೆ ತೆಳ್ಳನೆಯ ಪಟ್ಟಿ ಕಟ್ಟುತ್ತಿದ್ದರು. ಯಾವ ಸ್ನಾಯು ಎಷ್ಟು ಬಿಗಿಯಿತು, ಎದೆ ಎಷ್ಟು ಬಡಿಯಿತು, ಉಸಿರು ಎಲ್ಲಿ ತಡೆಯಿತು, ಹೊಟ್ಟೆ ಯಾವಾಗ ಹಸಿಯಿತು ಎಂಬುದನ್ನೆಲ್ಲ ಪಟ್ಟಿ ಹಿಡಿದಿಡುತ್ತಿತ್ತು. ನೋಟ ಹಿಡಿಯುತ್ತಿರಲಿಲ್ಲ, ಮಾತೂ ಹಿಡಿಯುತ್ತಿರಲಿಲ್ಲ. ಕಂಡವರ ಮನೆಯ ಗುಟ್ಟು ಬಯಲಾಗಬಾರದಲ್ಲ. ಬರೀ ಮೈ. ಹಾಗೆ ಕೂಡಿಟ್ಟ ದಿನಗಳನ್ನು ಹೆಣೆದು, ಒಂದೂವರೆ ತಾಸಿಗೆ ಇಳಿಸಿ, ಕುರ್ಚಿಯಲ್ಲಿ ಕೂತ ಹೊಸಬರ ಮೈಗೆ ಹಾಯಿಸುತ್ತಿದ್ದರು. ಗೌಂಡಿಯ ಭುಜದ ನೋವು, ನರ್ಸಮ್ಮನ ಹಿಮ್ಮಡಿ ಸೆಳೆತ, ಗುಮಾಸ್ತನ ಮಧ್ಯಾಹ್ನದ ಆಕಳಿಕೆ, ಎಲ್ಲವೂ ಇದ್ದಕ್ಕಿದ್ದಂತೆ ಅವರ ಮೈಯಲ್ಲಿ ಬರುತ್ತಿದ್ದವು. ಎದ್ದ ಮೇಲೆ ಒಂದೇ ಪ್ರಶ್ನೆ: ಈ ಕೆಲಸ ಮಾಡುವಂಥದ್ದು ಅನ್ನಿಸಿತೇ? ಹೌದೆಂದವರು ಸಹಿ ಹಾಕಬೇಕು. ಆಮೇಲೆ ಮೋಸಹೋದೆ ಎನ್ನುವಂತಿಲ್ಲ.

ಎಲ್ಲ ಕೆಲಸಗಳಿಗೂ ಜನ ಸಿಕ್ಕರು. ಹೆಣ ಸುಡುವ ಕೆಲಸಕ್ಕೂ ಇಬ್ಬರು ಸಹಿ ಹಾಕಿದರು. ಪಾರ್ಸಲ್ ಗಾಡಿಯ ಕೆಲಸಕ್ಕೆ ಮಾತ್ರ ಎಂಥದೋ ಗ್ರಹಚಾರ. ಗಟ್ಟಿಮುಟ್ಟಾದ ಹುಡುಗರು ನಗುತ್ತ ಹೋಗಿ ಕೂಡುತ್ತಿದ್ದರು, ಏಳುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. “ಬ್ಯಾಡ್ರಿ ಈ ಕೆಲಸ, ಭಾಳ ಸಂಕಟ ಐತ್ರಿ ಇದರಾಗ” ಎಂದು ಹೇಳಿ ಹೊರಟುಬಿಡುತ್ತಿದ್ದರು.

ಅವರು ರುಚಿ ನೋಡುತ್ತಿದ್ದದ್ದು ಹಳೇ ಹುಬ್ಬಳ್ಳಿಯ ಕಲ್ಮೇಶ ಬಾರಕೇರನ ದಿನಗಳನ್ನು. ಹೋದ ಬೇಸಿಗೆಯಲ್ಲಿ ಪಟ್ಟಿ ಕಟ್ಟಿಕೊಳ್ಳಿರೆಂದು ಕಂಪನಿ ಕೇಳಿದಾಗ ಉಳಿದ ಡ್ರೈವರುಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಮೈಯ ಸಮಾಚಾರ ಕಂಪನಿಗೆ ಸಿಕ್ಕರೆ ತಮ್ಮ ಸಕ್ಕರೆ ಕಾಯಿಲೆ, ಬೀಪಿ ಎಲ್ಲ ಹೊರಬಿದ್ದು ಕೆಲಸ ಹೋದೀತೆಂಬ ಹೆದರಿಕೆ. ಕಲ್ಮೇಶ ಒಬ್ಬನೇ ಕಟ್ಟಿಕೊಂಡ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ ಅವನು. ಬೆಳಿಗ್ಗೆ ಕಟ್ಟಿಕೊಂಡ ಪಟ್ಟಿಯನ್ನು, ದಿನದ ಕೊನೆಯ ಪಾರ್ಸಲ್ ಮುಗಿದು ಅದರ ಹಸಿರು ದೀಪ ತಾನಾಗಿ ಆರುವ ತನಕ ಬಿಚ್ಚಬಾರದು ಎಂದಿದ್ದರು. ಅವನು ಬಿಚ್ಚಿರಲಿಲ್ಲ. ಎಲ್ಲ ತೊಂದರೆಯ ಬೇರು ಅಲ್ಲೇ ಇತ್ತು.

ಡ್ರೈವರ್ ಎಂಬುದು ಈಗ ಹೆಸರಿಗಷ್ಟೆ. ದೊಡ್ಡ ರಸ್ತೆಗಳಲ್ಲಿ ಗಾಡಿ ತಾನೇ ಓಡುತ್ತಿತ್ತು. ಹಳೇ ಹುಬ್ಬಳ್ಳಿಯ ಓಣಿ ಬಂದು, ಅಡ್ಡ ಒಂದು ಎಮ್ಮೆ ಮಲಗಿದ್ದರೆ, ಯಾರದೋ ಮದುವೆಯ ಹಂದರ ಎದ್ದಿದ್ದರೆ, ಅಷ್ಟು ಬುದ್ಧಿವಂತ ಗಾಡಿ ಕೈಚೆಲ್ಲಿ ನಿಂತುಬಿಡುತ್ತಿತ್ತು. ಆಗ ಕಲ್ಮೇಶನೇ ಸ್ಟೇರಿಂಗ್ ಹಿಡಿಯಬೇಕು. ಬಾಗಿಲಿನ ಕೆಲಸವೂ ಮನುಷ್ಯನಿಗೇ ಉಳಿದಿತ್ತು. ಗೇಟಿನ ಚಿಲಕ ತೆಗೆಯುವುದು, ನಾಯಿಯನ್ನು ಗದರುವುದು, ಲಿಫ್ಟ್ ಕೆಟ್ಟ ಕಟ್ಟಡದ ಮೂರನೇ ಮಹಡಿ ಹತ್ತುವುದು, ಕಿವಿ ಕೇಳದ ಅಜ್ಜಿಗೆ ಔಷಧ ಬಂತೆಂದು ಕೂಗಿ ಹೇಳುವುದು ಯಾವ ಯಂತ್ರಕ್ಕೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಕಲ್ಮೇಶ ಚಹಾ ಕುಡಿಯುತ್ತಿದ್ದಾಗ ಮಗಳು ದಾನೇಶ್ವರಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದಳು. ಅಷ್ಟೇ ಕಾಲದಿಂದ ಅಪ್ಪನ ಜೊತೆ ಮಾತು ಬಿಟ್ಟ ಹಾಗೇ ಇದ್ದಳು. ಊಟಕ್ಕೆ ಬಾ, ನೀರು ಬಂತು, ಗ್ಯಾಸ್ ತೀರಿತು, ಇಷ್ಟೇ.

“ಅಪ್ಪಾ, ಗುರುವಾರ ರುಚಿ ಕುರ್ಚಿಗೆ ಹೊಂಟೇನಿ.”

“ಯಾವ ಕೆಲಸಕ್ಕವಾ?”

“ನಿನ್ನ ಕೆಲಸಕ್ಕ.”

ಕಲ್ಮೇಶ ಕಪ್ಪು ಕೆಳಗಿಟ್ಟ. “ಬ್ಯಾಡ. ಕಲತಾಕಿ ಅದೀ, ಬ್ಯಾರೆ ಏನರ ನೋಡು. ಈ ಕೆಲಸದಾಗ ಏನೈತಿ?”

“ಅದನ್ನ ನೋಡಾಕ ಹೊಂಟೇನಿ.” ಅವಳ ದನಿ ಏರಲಿಲ್ಲ. ಏರಿದ್ದರೇ ಅವನಿಗೆ ಹಗುರಾಗುತ್ತಿತ್ತು. “ಅವ್ವ ಹೋದ ನಾಕನೇ ದಿನಕ್ಕ ನೀ ಗಾಡಿ ಹತ್ತಿದಿ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಮನಿತುಂಬ ಮಂದಿ ಕುಂತಿದ್ರು, ಎಲ್ಲಾರೂ ನನ್ನ ಮಾರಿ ನೋಡತಿದ್ರು. ಅಷ್ಟು ಎಳಕೊಂಡು ಹೋಗುವಂಥಾದ್ದು ಆ ಕೆಲಸದಾಗ ಏನೈತಿ ಅಂತ ಒಮ್ಮೆ ನೋಡಬೇಕು. ಚಲೋ ಇದ್ರ ನಾನೂ ಮಾಡ್ತೇನಿ. ಇಲ್ಲಂದ್ರ ನಿನಗ ಅವ್ವ ಅದಕ್ಕಿಂತ ಹಗುರ ಆಗಿದ್ಲು ಅಂತ ತಿಳೀತೈತಿ.”

ಕಲ್ಮೇಶನಿಗೆ ಹೇಳಲು ಬಹಳ ಇತ್ತು. ಬಾಯಿಗೆ ಬಂದದ್ದು, “ನಾಷ್ಟಾ ಮಾಡಿ ಹೋಗು” ಎಂಬುದೊಂದೇ. ಅವಳು ಆಗಲೇ ಒಳಗೆ ಹೋಗಿದ್ದಳು.

ಅದೇ ದಿನ ಮಧ್ಯಾಹ್ನ ಕೇಂದ್ರದಿಂದ ಕರೆ ಬಂತು. ಕುರ್ಚಿ ನಡೆಸುವ ತಸ್ನೀಮ್ ಮೇಡಂ ಅವನನ್ನು ಒಳಕೋಣೆಗೆ ಕರೆದು ಕೂಡಿಸಿದಳು. ಗೋಡೆಯ ಪರದೆಯ ಮೇಲೆ ಒಂದು ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು.

“ಇದು ನಿಮ್ಮ ದಿನಾರೀ, ಕಲ್ಮೇಶಣ್ಣ,” ಎಂದಳು. “ಈ ಸಣ್ಣ ಸಣ್ಣ ದಿಬ್ಬ ನೋಡ್ರಿ. ಒಂದೊಂದು ದಿಬ್ಬಾನೂ ಒಂದೊಂದು ಬಾಗಲಾ. ಬಾಗಲಾ ತಗದಾಗೊಮ್ಮೆ ನಿಮ್ಮ ಎದಿ ಹಗುರ ಆಗ್ತೈತಿ. ಮೊಣಕಾಲು ನೋವು ಐತಿ, ಬಿಸಲಿಗೆ ತಲಿ ಸಿಡೀತೈತಿ, ಆದ್ರೂ ಬಾಗಲಾ ತಗದ ಕೂಡ್ಲೆ ಹಗುರ. ಇಷ್ಟು ಚಲೋ ದಿನಾ ನಾ ಬ್ಯಾರೆ ಯಾವ ಕೆಲಸದಾಗೂ ನೋಡಿಲ್ರಿ.”

ಕಲ್ಮೇಶ ಆ ದಿಬ್ಬಗಳನ್ನೇ ನೋಡಿದ. ತನ್ನ ಮೈ ಹಾಗೆ ಮಾಡುತ್ತಿತ್ತೆಂದು ಅವನಿಗೇ ತಿಳಿದಿರಲಿಲ್ಲ.

“ಆದ್ರ ಇಲ್ಲಿ ನೋಡ್ರಿ.” ಗೆರೆ ಸಂಜೆಯ ಹೊತ್ತಿಗೆ ಸರಿಯಿತು. ದಿಬ್ಬಗಳು ನಿಂತವು. ಒಂದು ಕಡೆ ಗೆರೆ ದಡಕ್ಕನೆ ಕೆಳಗಿಳಿದು, ಅಲ್ಲಿಂದ ಮೇಲೇಳದೆ ಮುಂದೆ ಹರಿಯಿತು. “ಎಲ್ಲಾ ದಿನಾನೂ ಹಿಂಗರೀ. ಇದು ಕೆಲಸ ಮುಗದ ಮ್ಯಾಲಿಂದು. ಮನ್ಯಾಗಿಂದು. ದೀಪ ಆರಿದ್ರ ಪಟ್ಟಿ ನಿಂದರತಿತ್ತು. ಆರೇ ಇಲ್ಲ, ಯಾಕಂದ್ರ ನಿಮ್ಮ ಗಾಡ್ಯಾಗ ಯಾವದೋ ಒಂದು ಪಾರ್ಸಲ್ ಮುಗದಿಲ್ಲ. ಯಂತ್ರ ನಿಮ್ಮ ಸಂಜೀನೂ ಡ್ಯೂಟಿ ಅಂತ ತಿಳಕೊಂಡು ಹೆಣದುಬಿಟ್ಟೈತಿ. ಮಂದಿ ಅಳೋದು ಇದಕ್ಕರೀ. ಯಾವ ಪಾರ್ಸಲ್ ಅದು?”

ಕಲ್ಮೇಶನ ಸೀಟಿನ ಹಿಂದಿನ ಹಲಗೆಯ ಮೇಲೆ, ಬಿಸಿಲು ಬೀಳದ ಕಡೆ, ರೊಟ್ಟಿ ಡಬ್ಬಿಯಷ್ಟು ಒಂದು ಪೆಟ್ಟಿಗೆ ಇತ್ತು. ಹೆಸರು: ಮಹಾದೇವಿ ಕಲ್ಮೇಶ ಬಾರಕೇರ. ವಿಳಾಸ: ಅವನದೇ ಮನೆ.

ಮಹಾದೇವಿ ಜ್ವರವೆಂದು ಮಲಗಿದವಳು ವಾರ ಕಳೆಯುವುದರೊಳಗೆ ಹೋಗಿಬಿಟ್ಟಿದ್ದಳು. ದಿನಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಒಂದು ಬೆಳಿಗ್ಗೆ ಗೋದಾಮಿನಲ್ಲಿ ಅವನ ಗಾಡಿಗೆ ಏರಿದ ಪಾರ್ಸಲುಗಳ ನಡುವೆ ಅವಳ ಹೆಸರಿನ ಪೆಟ್ಟಿಗೆ ಬಂತು. ಏನು ತರಿಸಿದ್ದಳೋ, ಹೇಳಿರಲಿಲ್ಲ. ಆ ದಿನ ಸಂಜೆ ಅದನ್ನು ಹಿಡಿದುಕೊಂಡು ಅವನು ತನ್ನ ಮನೆಯ ಬಾಗಿಲ ಮುಂದೆ ನಿಂತ. ಕೊಡಲಾಗದ ಪಾರ್ಸಲಿಗೆ ಕಾರಣವೇನೆಂದು ಕಂಪನಿಯ ಫೋನು ಕೇಳುತ್ತದೆ. ಬೀಗ ಹಾಕಿದೆ, ವಿಳಾಸ ಸಿಗಲಿಲ್ಲ, ಬೇಡವೆಂದರು, ತೀರಿಕೊಂಡಿದ್ದಾರೆ, ಹೀಗೆ ಒಂದರ ಕೆಳಗೊಂದು. ಅವನ ಬೆರಳು ಮೊದಲನೆಯದನ್ನೇ ಒತ್ತಿತು. ಮರುದಿನವೂ ಅದನ್ನೇ ಒತ್ತಿದ.

ಮೂರು ಸಲ ಬೀಗ ಸಿಕ್ಕರೆ, ಮತ್ತೆ ಪ್ರಯತ್ನಿಸುತ್ತೀರಾ ಎಂದು ಫೋನು ಕೇಳುತ್ತದೆ. ಊರಿಗೆ ಹೋದವರಿಗೆ, ಆಸ್ಪತ್ರೆ ಸೇರಿದವರಿಗೆ ಅನುಕೂಲವಾಗಲೆಂದು ಇಟ್ಟ ಸೌಕರ್ಯ ಅದು. ಎಷ್ಟು ಸಲ ಎಂಬ ಮಿತಿ ಇಡಲು ಯಾರಿಗೂ ಹೊಳೆದಿರಲಿಲ್ಲ. ಎರಡು ವರ್ಷ ಒಬ್ಬ ಮನುಷ್ಯ ದಿನಾ ಸಂಜೆ ಹೌದೆಂದು ಒತ್ತುತ್ತಾನೆಂದು ಯಾವ ಇಂಜಿನಿಯರ್ ತಾನೇ ಕನಸು ಕಂಡಾನು?

ಅವನು ಮೆಲ್ಲಗೆ ಎಲ್ಲ ಹೇಳಿದ. ತಸ್ನೀಮ್ ಗೋಡೆಯ ಪರದೆ ಆರಿಸಿದಳು. ಆಮೇಲೆ, “ಗುರುವಾರ ಒಬ್ಬ ಹುಡುಗಿ ಹೆಸರು ಬಂದೈತ್ರಿ, ದಾನೇಶ್ವರಿ ಬಾರಕೇರ ಅಂತ,” ಎಂದಳು.

“ನನ್ನ ಮಗಳರೀ.”

“ಯಾ ಅಲ್ಲಾ.”

“ಮೇಡಂ, ಆ ಸಂಜೀದೊಂದು ಕತ್ತರಿಸಿಬಿಡ್ರಿ. ಕೈ ಮುಗೀತೇನಿ.”

“ಕೈಯಿಂದ ಕತ್ತರಿಸೂ ಹಂಗಿಲ್ರಿ. ಹಂಗ ಬಿಟ್ರ ಎಲ್ಲಾ ಕಂಪನಿಯವ್ರೂ ನೋವು ಕತ್ತರಿಸಿ ಬರೇ ಸುಖಾ ತೋರಸ್ತಾರ. ಆ ಪಾರ್ಸಲ್ ನೀವು ಮುಗಿಸಿದ್ರ, ಯಂತ್ರ ತಾನ ಲೆಕ್ಕಾ ಹಾಕಿ ಸಂಜೀ ಎಲ್ಲಾ ತಗೀತೈತಿ.” ಅವಳು ದನಿ ತಗ್ಗಿಸಿದಳು. “ಆದ್ರ ಮುಗಿಸಿದ ಕೂಡ್ಲೆ ಆಫೀಸಿಗೆ ಗೊತ್ತಾಗ್ತೈತಿ. ಗಿರಾಕಿ ಮಾಲು ಎರಡು ವರ್ಷ ಗಾಡ್ಯಾಗ ಇಟ್ಟಿದ್ರಿ ಅಂತ. ಅದಕ್ಕ ಏನ್ ಮಾಡ್ತಾರ ಅಂತ ನಿಮಗ ನಾ ಹೇಳಬೇಕೇನ್ರಿ?”

ಹೇಳಬೇಕಾಗಿರಲಿಲ್ಲ. ಮಾಲು ಇಟ್ಟುಕೊಂಡವನನ್ನು ಕಂಪನಿ ಮರುದಿನ ಒಳಗೆ ಬಿಡುವುದಿಲ್ಲ. ತಪ್ಪಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ?

ಆದರೆ ಅವನನ್ನು ತಡೆದದ್ದು ಅದಲ್ಲ. ಪಾರ್ಸಲನ್ನು ಪಡೆಯಲೂ ಬೇಡವೆನ್ನಲೂ ಹೆಸರಿನವರೇ ಬೇಕು. ತೀರಿಕೊಂಡಿದ್ದಾರೆ ಎಂಬುದನ್ನು ಡ್ರೈವರ್ ತಾನಾಗಿ ಒತ್ತುವಂತಿರಲಿಲ್ಲ. ಹಿಂದೆ ಕೆಲವು ಮೈಗಳ್ಳರು ಬೇಗ ಮನೆ ಸೇರುವ ಆಸೆಗೆ, ಬದುಕಿದ್ದವರನ್ನೆಲ್ಲ ಫೋನಿನಲ್ಲಿ ಸಾಯಿಸಿಬಿಟ್ಟಿದ್ದರು. ಕೇಶ್ವಾಪುರದ ನಿವೃತ್ತ ಮಾಸ್ತರರೊಬ್ಬರು ಒಂದೇ ತಿಂಗಳಲ್ಲಿ ಎರಡು ಸಲ ಸತ್ತು, ಸಿಟ್ಟಿನಿಂದ ಕೋಲು ಊರಿಕೊಂಡು ಗೋದಾಮಿಗೇ ಬಂದಿದ್ದರು. ಅಂದಿನಿಂದ ನಿಯಮವಾಯಿತು: ಬಾಗಿಲಲ್ಲಿ ನಿಂತು ಹೆಸರು ಹೇಳಿ ಕೇಳಬೇಕು, ಮನೆಯವರು ತಮ್ಮ ಬಾಯಿಂದ ಹೇಳಬೇಕು, ಫೋನು ಅದನ್ನು ಕೇಳಿಸಿಕೊಳ್ಳಬೇಕು. ಕಲ್ಮೇಶನ ಮನೆಯಲ್ಲಿ ಎರಡು ವರ್ಷದಿಂದ ಆ ಮಾತನ್ನು ಯಾರೂ ಆಡಿರಲಿಲ್ಲ. ಅವ್ವ ಹೋದಳು ಎನ್ನುತ್ತಿದ್ದರು, ಅದೂ ಸಿಟ್ಟು ಬಂದಾಗ.

ಬುಧವಾರ ಸಂಜೆ ಅವನು ಪೆಟ್ಟಿಗೆ ಹಿಡಿದು ಮನೆಯ ಮುಂದೆ ನಿಂತ. ಒಳಗೆ ಮಗಳ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಗಂಟೆ ಒತ್ತಿ ಅವಳನ್ನು ಕರೆದು ಕೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದ. ಊರಿನ ಎಷ್ಟೋ ಗಂಟೆಗಳನ್ನು ಒತ್ತಿದ ಬೆರಳು ತನ್ನ ಮನೆಯ ಗಂಟೆಯ ಹತ್ತಿರ ಹೋಗಿ ಹಿಂದೆ ಬಂತು. ತಾಯಿ ಸತ್ತಳೆಂದು ಮಗಳ ಬಾಯಿಂದ ಹೇಳಿಸುವುದೇ? ಜೇಬಿನಿಂದ ಕೀಲಿಕೈ ತೆಗೆದ, ಬಲಕ್ಕೆ ತಿರುಗಿಸಿದ, ಕೆಳಗೆ ಕುಸಿದಿದ್ದ ಬಾಗಿಲನ್ನು ತುಸು ಮೇಲೆತ್ತಿ ದೂಡಿ ತೆರೆದ. ತನ್ನದೇ ಮನೆಯ ನಡುಮನೆಯಲ್ಲಿ ನಿಂತು, ಬೀಗ ಹಾಕಿದೆ ಎಂದು ಒತ್ತಿದ.

ಗುರುವಾರ ತಸ್ನೀಮ್ ಅವನನ್ನು ಒಳಕೋಣೆಯಲ್ಲಿ ಕೂಡಿಸಿದಳು. ಗಾಜಿನ ಆಚೆ ಕುರ್ಚಿ. ಅಲ್ಲಿ ಕೂತವರಿಗೆ ಈಚೆಯವರು ಕಾಣುವುದಿಲ್ಲ. ದಾನೇಶ್ವರಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಪರೀಕ್ಷೆಗೆ ಬಂದವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಪಟ್ಟಿ ಕಟ್ಟಿದರು. ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಅವಳ ಸೊಂಟ ಎಡಕ್ಕೆ ವಾಲಿತು. ಭಾರದ ಪೆಟ್ಟಿಗೆ ಎತ್ತುವಾಗ ಕಲ್ಮೇಶ ಹಾಗೆಯೇ ವಾಲುತ್ತಿದ್ದ. ಅವನು ಗಾಜಿನ ಹತ್ತಿರ ಸರಿದ. ತನ್ನ ನಡಿಗೆ, ತನ್ನ ಏದುಸಿರು, ಮೆಟ್ಟಿಲ ತಿರುವಿನಲ್ಲಿ ತಾನು ತೊಡೆಯ ಮೇಲೆ ಕೈಯೂರುವ ರೀತಿ, ಎಲ್ಲವೂ ಆ ಎಳೆ ಮೈಯಲ್ಲಿ ಹಾದುಹೋಗುತ್ತಿದ್ದವು. ತೋರುಬೆರಳು ಗಾಳಿಯಲ್ಲಿ ಗಂಟೆ ಒತ್ತಿತು. ಕಾದಳು. ಆಮೇಲೆ ಅವಳ ಮುಖ ಅರಳಿತು. ಎಲ್ಲೋ ಒಂದು ಬಾಗಿಲು ತೆರೆದಿತ್ತು.

ಮುಂದೆ ಒಂದರ ಹಿಂದೊಂದು ಬಾಗಿಲು. ಒಂದು ಕಡೆ ಅವಳು ಗಂಟಲೆತ್ತಿ ಏನೋ ನುಂಗಿ, ಹೊಟ್ಟೆ ತಣ್ಣಗಾದವಳಂತೆ ಉಸಿರುಬಿಟ್ಟಳು. ಅದು ಉಣಕಲ್ಲಿನ ಅಂಬಕ್ಕಜ್ಜಿಯ ಮಜ್ಜಿಗೆ ಎಂದು ಕಲ್ಮೇಶನಿಗೆ ಗೊತ್ತಾಯಿತು. ‘ತಮ್ಮಾ, ಬಿಸಲಾಗ ಬಂದೀ, ಕುಡದು ಹೋಗು’ ಎಂದು ಅಜ್ಜಿ ಬಾಗಿಲಿಗೇ ತರುತ್ತಿದ್ದಳು. ಎರಡು ವರ್ಷದಲ್ಲಿ ಮಗಳ ಮುಖದ ಮೇಲೆ ಅವನು ಕಾಣದ ನಗು ಅಲ್ಲಿ ಬರುತ್ತ ಹೋಗುತ್ತ ಇತ್ತು. ಆ ನಗು ಅವಳದಲ್ಲ, ತನ್ನದು ಎಂಬುದು ಆಮೇಲೆ ಹೊಳೆಯಿತು. ನಾಲ್ಕನೇ ದಿನಕ್ಕೆ ಗಾಡಿ ಹತ್ತಿದ್ದು ಇದಕ್ಕೇ. ಮನೆಯಲ್ಲಿ ಯಾವ ಬಾಗಿಲು ತೆರೆದರೂ ಮಹಾದೇವಿ ಇರಲಿಲ್ಲ. ಊರಿನ ಬಾಗಿಲುಗಳಾದರೂ ತೆರೆಯುತ್ತಿದ್ದವು, ಬಂದೀಯೇನಪಾ ಎಂದು ಯಾರಾದರೂ ಕೇಳುತ್ತಿದ್ದರು.

“ಬಂತು ನೋಡ್ರಿ,” ಎಂದಳು ತಸ್ನೀಮ್.

ದಾನೇಶ್ವರಿಯ ಕೈ ಜೇಬು ತಡಕಿತು. ಬೆರಳುಗಳು ಬಲಕ್ಕೆ ತಿರುಗಿದವು. ಭುಜ ಕೆಳಗಿಳಿದು, ಏನನ್ನೋ ತುಸು ಮೇಲಕ್ಕೆತ್ತಿ ದೂಡಿತು. ಅಲ್ಲಿಗೆ ಅವಳು ತಡೆದಳು. ಮುಚ್ಚಿದ ಕಣ್ಣಿನ ಮೇಲೆ ಹುಬ್ಬು ಗಂಟಾಯಿತು. ಆಮೇಲೆ ಆ ಸಂಜೆಗಳು ಅವಳೊಳಗೆ ಇಳಿದವು. ಎದೆಯ ಮೇಲೆ ಕಲ್ಲು ಹೇರಿದಂತಹ ಭಾರ, ಗಂಟಲಲ್ಲಿ ಸಿಕ್ಕಿಕೊಂಡು ಹೊರಗೂ ಬಾರದ ಒಳಗೂ ಹೋಗದ ಅಳು, ತುತ್ತು ಇಳಿಯದ ಹೊಟ್ಟೆ, ಮಗಳ ಕೋಣೆಯ ಮುಂದೆ ಹೋಗಿ ಹಿಂದೆ ಬರುವ ಕಾಲುಗಳು. ಕಲ್ಮೇಶ ಎರಡು ವರ್ಷ ಅಳದೆ ಹಿಡಿದಿದ್ದನ್ನು ಅವಳು ಅಲ್ಲಿ ಕೂತು ಅತ್ತಳು. ಅವಳ ಬಾಯಿಂದ ದನಿ ಹೊರಟಿತು, ಗಾಜಿನ ಈಚೆಗೂ ಕೇಳಿತು. ಅವನು ಎದ್ದು ಗೋಡೆಯ ಕಡೆ ತಿರುಗಿ ನಿಂತ.

ಪಟ್ಟಿ ಬಿಚ್ಚಿದ ಮೇಲೆ ತಸ್ನೀಮ್ ಒಳಗೆ ಹೋಗಿ, ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. ಸ್ಪೀಕರಿನಲ್ಲಿ ಮಗಳ ದನಿ ಕೇಳಿತು.

“ಆ ಕೊನೀ ಬಾಗಲಾ ಯಾರದರೀ?”

“ಇದರಾಗ ನೋಟ ಇರಂಗಿಲ್ಲವಾ. ಯಾರದಂತ ಹೇಳಾಕ ಬರಂಗಿಲ್ಲ.”

“ಮ್ಯಾಲೆತ್ತಿ ದೂಡಬೇಕರೀ ಅದನ್ನ. ಇಲ್ಲಂದ್ರ ತಗಿಯಂಗಿಲ್ಲ.” ಕಣ್ಣೊರೆಸಿಕೊಂಡಳು. “ನಮ್ಮನಿ ಬಾಗಲಾರೀ ಅದು. ಒಳಗ ನಾ ಇರ್ತಿದ್ದೆ. ಕೀಲಿ ಸಪ್ಪಳಾ ಕೇಳ್ತಿತ್ತು ನನಗ. ಒಂದಿನಾನೂ ಎದ್ದು ಬಂದು ತಗೀಲಿಲ್ಲ.”

ತಸ್ನೀಮ್ ಬಿಚ್ಚಿದ ಪಟ್ಟಿಯನ್ನು ಸುತ್ತಿಡತೊಡಗಿದಳು.

“ಕಡೀ ಪಾರ್ಸಲ್ ಮುಗದ್ರ ಆರೂ ಪಟ್ಟಿ ದೀಪ ಅಪ್ಪಂದು ರಾತ್ರೀನೂ ಉರೀತಿತ್ತರೀ. ಪಾರ್ಸಲ್ ಮುಗದಿದ್ರ ಇದೆಲ್ಲಾ ಪಟ್ಟ್ಯಾಗ ಬರ್ತಿದ್ದಿಲ್ಲ, ಅಲ್ಲರೀ? ಯಾವ ಪಾರ್ಸಲ್ ಮುಗದಿಲ್ಲ?”

ಹೇಳುವಂತಿರಲಿಲ್ಲ. ತಸ್ನೀಮ್ ಹೇಳಿದಳು. ನಿಯಮವನ್ನೂ ಹೇಳಿದಳು, ಮನೆಯವರು ಬಾಯಿಬಿಟ್ಟು ಹೇಳಬೇಕೆಂಬುದನ್ನೂ. ಅಪ್ಪನ ಕೆಲಸ ಹೋಗುವ ಮಾತೊಂದನ್ನು ಮಾತ್ರ ಗಾಜಿನ ಕಡೆ ಒಮ್ಮೆ ನೋಡಿ ನುಂಗಿಕೊಂಡಳು.

“ಕೆಲಸ ಹೆಂಗನಿಸ್ತವಾ?” ಎಂದು ಕೊನೆಗೆ ಮತ್ತೆ ಕೇಳಿದಳು.

“ಕೆಲಸ ಚಲೋ ಐತ್ರಿ,” ಎಂದಳು ದಾನೇಶ್ವರಿ. “ಮನೀನ ಚಲೋ ಇದ್ದಿದ್ದಿಲ್ಲ.” ಆಮೇಲೆ ಸಹಿ ಹಾಕಿದಳು.

ಆ ಸಂಜೆ ಕಲ್ಮೇಶ ಎಂದಿನಂತೆ ಗಾಡಿ ನಿಲ್ಲಿಸಿ, ಎಂದಿನಂತೆ ಸೀಟಿನ ಹಿಂದಿನ ಪೆಟ್ಟಿಗೆ ಎತ್ತಿಕೊಂಡು ಬಂದ. ಕೀಲಿಕೈ ತಿರುಗಿಸಿದ, ಮೇಲೆತ್ತಿ ದೂಡಿದ. ಬಾಗಿಲು ಬರಲಿಲ್ಲ. ಇನ್ನೊಮ್ಮೆ ದೂಡಿದ. ಒಳಗಿನಿಂದ ಅಗಳಿ ಹಾಕಿತ್ತು.

ಅವನು ನಿಂತೇ ಇದ್ದ. ಎದುರು ಮನೆಯವರು ಕಸ ಚೆಲ್ಲಲು ಬಂದು, ಇವನ್ಯಾಕೆ ತನ್ನ ಮನೆ ಮುಂದೆ ಗಿರಾಕಿಯ ಮನೆ ಮುಂದೆ ನಿಂತ ಹಾಗೆ ನಿಂತಿದ್ದಾನೆಂದು ನೋಡಿ ಹೋದರು. ಕೊನೆಗೆ ಗಂಟೆ ಒತ್ತಿದ. ಮನೆ ಕಟ್ಟಿಸಿದ ಮೇಲೆ ಆ ಗಂಟೆಯನ್ನು ಅವನು ಒತ್ತಿದ್ದು ಅದೇ ಮೊದಲು. ಮಹಾದೇವಿ ಇದ್ದಾಗ ಗಾಡಿಯ ಸಪ್ಪಳ ಕೇಳಿಯೇ ಬಾಗಿಲು ತೆಗೆದಿರುತ್ತಿದ್ದಳು.

ದಾನೇಶ್ವರಿ ಬಾಗಿಲು ತೆರೆದಳು. ಕಣ್ಣು ಕೆಂಪಾಗಿದ್ದವು. ಹೊಸ್ತಿಲ ಒಳಗೇ ನಿಂತು, ಯಾರೋ ಎಂಬಂತೆ ಕೇಳಿದಳು.

“ಪಾರ್ಸಲ್ ತಂದೀರೇನ್ರಿ?”

ಕಲ್ಮೇಶ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದ. ಇದೊಂದು ಮಾತು ಆಡಿದರೆ ಕೆಲಸವೂ ಹೋಯಿತು, ಮಹಾದೇವಿ ಬಾಗಿಲು ತೆಗೆದಾಳೆಂದು ಎರಡು ವರ್ಷ ಮುಚ್ಚಿಟ್ಟುಕೊಂಡ ಆಸೆಯೂ ಹೋಯಿತು. ಮಗಳು ಕಾಯುತ್ತಿದ್ದಳು. ಬೇರೆಯವರ ಬಾಗಿಲಲ್ಲಿ ಕೇಳುವ ಹಾಗೆಯೇ ಅವನು ಕೇಳಿದ.

“ಮಹಾದೇವಿ ಅನ್ನೂವರು ಅದಾರೇನ್ರಿ?”

“ಇಲ್ರಿ.” ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅಕಿ ನಮ್ಮವ್ವರೀ. ತೀರಿಕೊಂಡಾಳ. ಎರಡು ವರ್ಷಾತು.”

ಫೋನು ಕೇಳಿಸಿಕೊಂಡಿತು. ಸ್ವೀಕರಿಸಲಾಗಿದೆ ಎಂದು ಬರೆಯಿತು. ಕಲ್ಮೇಶ ನಾಲ್ಕನೆಯ ಸಾಲನ್ನು ಒತ್ತಿದ. ಅವನ ಗಾಡಿಯ ಪಾರ್ಸಲುಗಳೆಲ್ಲ ಮುಗಿದಿವೆ, ಇಂದಿನ ಕೆಲಸಕ್ಕೆ ಧನ್ಯವಾದ ಎಂದು ಅದು ತನ್ನ ಯಾಂತ್ರಿಕ ದನಿಯಲ್ಲಿ ಹೇಳಿತು. ಎರಡು ವರ್ಷದಲ್ಲಿ ಆ ಮಾತನ್ನು ಅವನು ಕೇಳಿರಲಿಲ್ಲ.

“ಹೌದವಾ,” ಎಂದ ಅವನು, ಈಗಷ್ಟೇ ಸುದ್ದಿ ತಿಳಿದವನ ಹಾಗೆ. “ತೀರಿಕೊಂಡಾಳ.” ಹೊಸ್ತಿಲ ಮೇಲೆಯೇ ಕುಸಿದು ಕೂತ. ದಾನೇಶ್ವರಿ ಅವನ ಪಕ್ಕದಲ್ಲಿ ಕೂತಳು. ಪೆಟ್ಟಿಗೆ ಇಬ್ಬರ ನಡುವೆ ಇತ್ತು. ಅವನು ಅತ್ತ, ಬಾಯಿ ಬಿಟ್ಟು, ಓಣಿಯವರಿಗೆಲ್ಲ ಕೇಳುವ ಹಾಗೆ. ಅವಳು ಸಮಾಧಾನ ಮಾಡಲು ಹೋಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು, “ತಗದು ನೋಡೂಣೇನಪಾ? ಏನು ತರಿಸಿದ್ಲು ಅಂತ?” ಎಂದಳು.

ಕಲ್ಮೇಶ ಪೆಟ್ಟಿಗೆಯ ಮೇಲಿನ ಹೆಸರನ್ನು ಬೆರಳಿನಿಂದ ಒಮ್ಮೆ ಸವರಿದ. ಒಡೆದು ನೋಡುವ ಆಸೆ ಅವನಿಗಿರಲಿಲ್ಲವೆಂದಲ್ಲ. ಎರಡು ವರ್ಷ ದಿನಾ ಇತ್ತು.

“ಬ್ಯಾಡವಾ,” ಎಂದ. “ಅದು ನಮ್ಮ ಹೆಸರಿಗಿಲ್ಲ.”

ಕಂಪನಿಯವರು ಹೆಚ್ಚು ಮಾತಾಡಲಿಲ್ಲ. ಮರುದಿನ ಗೋದಾಮಿನ ಗೇಟಿನಲ್ಲಿ ಅವನು ಮುಖ ತೋರಿಸಿದರೂ ಬಾಗಿಲು ತೆರೆಯಲಿಲ್ಲ, ಅಷ್ಟೆ. ಒಬ್ಬ ಮ್ಯಾನೇಜರು ಹೊರಗೆ ಬಂದು, ನನ್ನ ಕೈಯಲ್ಲಿ ಏನೂ ಇಲ್ಲ ಕಲ್ಮೇಶಣ್ಣ ಎಂದು ಹೇಳಿ, ಗಾಡಿಯ ಕೀಲಿಕೈ ಇಸಿದುಕೊಂಡ. ಅಪ್ಪನ ತಪ್ಪಿಗೆ ಮಗಳನ್ನು ಬೇಡವೆನ್ನುವಷ್ಟು ಜನ ಆ ಕೆಲಸಕ್ಕೆ ಸಾಲುಗಟ್ಟಿ ನಿಂತಿರಲಿಲ್ಲ. ಹಾಗಾಗಿ ಅದೇ ಕೀಲಿಕೈ ಕೆಲವು ದಿನಗಳಲ್ಲಿ ದಾನೇಶ್ವರಿಯ ಕೈಗೆ ಬಂತು.

ರುಚಿ ಕುರ್ಚಿಯ ಯಂತ್ರ ಲೆಕ್ಕ ಸರಿಮಾಡಿಕೊಂಡು ಕಲ್ಮೇಶನ ಸಂಜೆಗಳನ್ನೆಲ್ಲ ಅಳಿಸಿಹಾಕಿತು. ಈಗ ಹುಡುಗರು ನಗುತ್ತ ಏಳುತ್ತಾರೆ, ಸಹಿ ಹಾಕುತ್ತಾರೆ ಎಂದು ತಸ್ನೀಮ್ ಫೋನು ಮಾಡಿ ಹೇಳಿದಳು. ಅವನು ಚಲೋ ಆತ್ರಿ ಎಂದ. ಆ ದುಃಖ ಎಲ್ಲಾದರೂ ಒಂದು ಕಡೆ ಇತ್ತು ಎಂಬುದೇ ಅವನಿಗೆ ಸಮಾಧಾನವಾಗಿತ್ತೋ ಏನೋ. ಅದರ ರುಚಿ ಕಂಡವರು ಎಷ್ಟೋ ಜನ. ಅದು ಯಾರ ಮೇಲಿನ ದುಃಖವೆಂದು ತಿಳಿದೂ ಉಂಡವಳು ಒಬ್ಬಳೇ.

ಮಗಳು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಕಲ್ಮೇಶ ಗಾಡಿಯವರೆಗೂ ಹೋದ. ಗೋದಾಮಿಗೆ ವಾಪಸು ಕಳಿಸುವ ಮಾಲಿನ ಜೊತೆ, ಇಷ್ಟು ದಿನ ಮನೆಯಲ್ಲೇ ಉಳಿದಿದ್ದ ಮಹಾದೇವಿಯ ಪೆಟ್ಟಿಗೆಯೂ ಇತ್ತು. ಬಿಸಿಲು ಬೀಳುತ್ತಿತ್ತೆಂದು ಅವನು ಅದನ್ನು ತುಸು ಒಳಗೆ ಸರಿಸಿಟ್ಟ.

“ನಾ ಬರೂದು ಆರಾಗ್ತೈತಿ,” ಎಂದಳು ದಾನೇಶ್ವರಿ.

“ಬಾ. ನಾ ಮನ್ಯಾಗ ಇರ್ತೇನಿ.”

ಗಾಡಿ ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ಅವನು ಒಳಗೆ ಬಂದ. ಅನ್ನಕ್ಕಿಟ್ಟ, ಬಟ್ಟೆ ಒಗೆದ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡ. ಹಗಲು ಇಷ್ಟು ಉದ್ದ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಹಾದೇವಿ ಈ ಹಗಲುಗಳನ್ನೆಲ್ಲ ಇದೇ ಮನೆಯಲ್ಲಿ, ಹೀಗೆಯೇ ಯಾರದೋ ದಾರಿ ಕಾಯುತ್ತ ಕಳೆದಿದ್ದಳು. ಅದರ ರುಚಿ ನೋಡುವ ಕುರ್ಚಿಯನ್ನು ಯಾರೂ ಮಾಡಿರಲಿಲ್ಲ. ಸಂಜೆಯಾಗುತ್ತಲೇ ಎದ್ದುಹೋಗಿ, ಮಗಳ ಹತ್ತಿರ ಮನೆಯ ಕೀಲಿಕೈ ಇದೆಯೆಂದು ಗೊತ್ತಿದ್ದೂ, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ ಬಂದು ಕೂತ.

ಹೊರಗೆ ಗಾಡಿ ನಿಂತ ಸಪ್ಪಳವಾಯಿತು. ಗಂಟೆ ಬಾರಿಸಿತು. ಒಳಗಿನಿಂದ ಯಾರೋ ಹೋಗಿ ತೆಗೆಯುತ್ತಾರೆಂದು ಕಲ್ಮೇಶ ಒಂದು ಗಳಿಗೆ ಕಾದ. ಆಮೇಲೆ ಮೊಣಕಾಲ ಮೇಲೆ ಕೈಯೂರಿ ತಾನೇ ಎದ್ದು ಹೋಗಿ ತೆಗೆದ.